ಮಾಲೆ ತೆಗೆದ ಮೇಲೆ ಮತ್ತೆ ಬೀಡಿಯೇ?

ಸಂಕ್ರಾಂತಿ ಕಳೆಯಿತು. ಶಬರಿಮಲೆಗೆ ಹೋದವರೆಲ್ಲ ಊರಿಗೆ ಮರಳಿದ್ದಾರೆ. ಪ್ರತಿ ವರ್ಷ ಈ ದಿನಗಳಲ್ಲಿ ಕೊಟ್ಟೂರಿನ ನನ್ನ ದವಾಖಾನೆಗೆ ಒಂದು ಬಗೆಯ ರೋಗಿಗಳು ಬರುತ್ತಾರೆ. ಕಳೆದ ವಾರ ಬಂದವರು ಕೂಡ್ಲಿಗಿ ಕಡೆಯ ಲಾರಿ ಚಾಲಕರು. ವಯಸ್ಸು ನಲವತ್ತೆರಡು. ಕೆಮ್ಮು, ಕಫ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬೀಡಿ ಎಷ್ಟು ಸೇದುತ್ತೀರಿ ಎಂದು ಕೇಳಿದೆ.

"ದಿನಕ್ಕ ಎರಡು ಕಟ್ಟು ಸಾರ್. ಆದ್ರ ಮಾಲಿ ಹಾಕ್ದಾಗ 41 ದಿನ ಒಂದೂ ಮುಟ್ಟಿಲ್ಲ ನೋಡ್ರಿ. ಆವಾಗ ಕೆಮ್ಮೂ ಕಡಿಮಿ, ದಮ್ಮೂ ಕಡಿಮಿ."

"ಮತ್ತೆ ಯಾವಾಗ ಹಚ್ಚಿದಿರಿ?"

ಅವರು ತಲೆ ತಗ್ಗಿಸಿದರು. "ಮಾಲಿ ತೆಗ್ದ ದಿನಾನ ಸಾರ್. ಬಸ್‌ಸ್ಟ್ಯಾಂಡ್‌ನಾಗ ಚಾ ಕುಡೀತಿದ್ವಿ. ಗೆಳೆಯ ಒಂದು ಕೊಟ್ಟ. ಒಂದು ಸೇದಿದ್ರ ಏನಾಗ್ತೈತಿ ಅಂತ ಹಚ್ಚಿದೆ."

ಓದುಗರೇ, ಇವರು ಬೀಡಿ ಬಿಡಲಾರದ ಮನುಷ್ಯರಲ್ಲ. ಬಿಡುವ ಕೆಲಸವನ್ನು ಅವರು ಆಗಲೇ ಮಾಡಿ ಮುಗಿಸಿದ್ದರು. ಅವರಿಗೆ ಗೊತ್ತಿಲ್ಲದೆ ಇದ್ದದ್ದು ಬಿಟ್ಟಂತೆಯೇ ಇರುವುದು ಹೇಗೆ ಎಂಬುದು. ಈ ವಾರ ಅದನ್ನೇ ನೋಡೋಣ.

ಒಂದು ಬೀಡಿ ಏನು ಮಾಡುತ್ತದೆ?

ತಂಬಾಕಿನಲ್ಲಿರುವ ನಿಕೋಟಿನ್ ಎಂಬ ವಸ್ತು ಹೊಗೆಯ ಮೂಲಕ ಶ್ವಾಸಕೋಶ ಸೇರಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ಒಂದು ಕ್ಷಣ ಹಿತವೆನಿಸುವಂತೆ ಮಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಪ್ರಭಾವ ಇಳಿಯುತ್ತದೆ, ಮಿದುಳು ಮತ್ತೆ ಬೇಡುತ್ತದೆ. ಹೀಗೆ ಬೇಡುವುದೇ ಚಟ.

ಬಿಟ್ಟ ಮೇಲೆ ಮೊದಲ ಎರಡು ಮೂರು ದಿನ ಈ ಹಂಬಲ ಅತಿ ಹೆಚ್ಚು. ಸಿಟ್ಟು, ಚಡಪಡಿಕೆ, ನಿದ್ದೆಗೇಡು, ತಲೆನೋವು ಎಲ್ಲವೂ ಬರಬಹುದು. ಬಳಿಕ ದಿನದಿಂದ ದಿನಕ್ಕೆ ಇಳಿಯುತ್ತ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ದೇಹದ ಬೇಡಿಕೆ ತಣಿಯುತ್ತದೆ. ಅಂದರೆ 41 ದಿನ ವ್ರತ ಮುಗಿಸಿದವರು ಚಟದ ಅತಿ ಕಷ್ಟದ ಭಾಗವನ್ನು ದಾಟಿರುತ್ತಾರೆ. ಶ್ರಾವಣವಿಡೀ ಬಿಡುವವರಿಗೂ ಇದೇ ಮಾತು. ರಂಜಾನ್ ತಿಂಗಳಲ್ಲಿ ಹಗಲಿಡೀ ಹೊಗೆ ಮುಟ್ಟದವರು ರಾತ್ರಿಯೂ ಮುಟ್ಟದಿದ್ದರೆ ಅವರಿಗೂ ಇದೇ ಫಲ.

ಆದರೆ ಮಿದುಳಿಗೆ ಹಳೆಯ ನೆನಪು ಉಳಿದಿರುತ್ತದೆ. ಒಂದು ಬೀಡಿ ಸೇದಿದೊಡನೆ ಆ ನೆನಪು ಎಚ್ಚೆತ್ತುಕೊಳ್ಳುತ್ತದೆ. ಇವತ್ತು ಒಂದು, ನಾಳೆ ಮೂರು, ಶಿವರಾತ್ರಿಯ ಹೊತ್ತಿಗೆ ಮತ್ತೆ ಎರಡು ಕಟ್ಟು.

"ಬೀಡಿ ಎಲೆಯದು, ಏನಾಗಲ್ಲ"

ನಮ್ಮ ಭಾಗದಲ್ಲಿ ಹೀಗೆನ್ನುವವರು ಬಹಳ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇಕಡಾ 4, ಬೀಡಿ ಸೇದುವವರು ಶೇಕಡಾ 7.7. ಬೀಡಿಯಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಅದು ಆರದಂತೆ ಮತ್ತೆ ಮತ್ತೆ, ಜೋರಾಗಿ ದಮ್ಮು ಎಳೆಯಬೇಕು. ಆದ್ದರಿಂದ ಒಳಗೆ ಹೋಗುವ ಟಾರು, ಇಂಗಾಲದ ಮಾನಾಕ್ಸೈಡು ಸಿಗರೇಟಿಗಿಂತ ಕಡಿಮೆಯೇನಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ, ಲಕ್ವ, ಕ್ಷಯ ಎಲ್ಲಕ್ಕೂ ಬೀಡಿ ದಾರಿ ಮಾಡುತ್ತದೆ. ದಮ್ಮು ಎಳೆದವರಿಗೆ ಕಡೆಗೆ ದಮ್ಮೇ ಗತಿ.

ಹರಪನಹಳ್ಳಿ ಕಡೆಯ ಒಬ್ಬ ರೈತರು, ಇನ್ನೂ ನಲವತ್ತು ದಾಟಿರಲಿಲ್ಲ, ಕಾಲ್ಬೆರಳು ಕಪ್ಪಾಗಿದೆ ಎಂದು ಬಂದರು. ಮುಳ್ಳು ಚುಚ್ಚಿದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ನಡೆದರೆ ಮೀನಖಂಡ ಹಿಡಿಯುತ್ತಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ. ಅದು 1908ರಲ್ಲಿ ಲಿಯೋ ಬರ್ಜರ್ ಎಂಬ ವೈದ್ಯರು ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ಕಾಯಿಲೆ. ತಂಬಾಕಿನ ಚಟವಿರುವ ಯುವಕರಲ್ಲಿ ಕೈಕಾಲಿನ ಸಣ್ಣ ರಕ್ತನಾಳಗಳು ಉರಿಯೂತದಿಂದ ಮುಚ್ಚಿಕೊಳ್ಳುತ್ತವೆ. ದಿನಕ್ಕೆ ಒಂದೆರಡು ಬೀಡಿ ಉಳಿಸಿಕೊಂಡರೂ ಕಾಯಿಲೆ ಮುಂದುವರಿಯುತ್ತದೆ. ಪೂರ್ತಿ ಬಿಟ್ಟರೆ ಮಾತ್ರ ಕಾಲು ಉಳಿಯುವ ಆಸೆ. ಆ ರೈತರು ಒಂದು ಬೆರಳು ಕಳೆದುಕೊಂಡರು. ಬೀಡಿಯನ್ನು ಪೂರ್ತಿ ಬಿಟ್ಟಿದ್ದರಿಂದ ಪಾದ ಉಳಿಯಿತು.

ಈಗ ಬಿಟ್ಟು ಏನು ಪ್ರಯೋಜನ?

"ಇಪ್ಪತ್ತು ವರ್ಷ ಸೇದಿದ್ದಾಯ್ತು, ಇನ್ನೇನು" ಎನ್ನುವವರಿಗೆ ಒಂದು ದೊಡ್ಡ ಅಧ್ಯಯನದ ಲೆಕ್ಕ ಹೇಳುತ್ತೇನೆ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಲ್ಲಿ ಆರಂಭಿಸಿ ಸುಮಾರು 34,000 ಬ್ರಿಟಿಷ್ ವೈದ್ಯರನ್ನೇ 50 ವರ್ಷ ಗಮನಿಸಿದರು. 2004ರಲ್ಲಿ ಬಂದ ವರದಿಯ ಪ್ರಕಾರ ಬಿಡದೆ ಸಿಗರೇಟು ಸೇದುವವರು, ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ. 60ರಲ್ಲಿ ಬಿಟ್ಟವರಿಗೆ ಅದರಲ್ಲಿ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9 ವರ್ಷ ಮರಳಿ ಸಿಗುತ್ತದೆ. 30ಕ್ಕೇ ಬಿಟ್ಟರೆ ಹೆಚ್ಚುಕಡಿಮೆ ಹತ್ತೂ ವರ್ಷ ಕೈಗೆ ಬಂದಂತೆ.

ಅಷ್ಟು ದಿನ ಕಾಯಬೇಕಿಲ್ಲ. ಬಿಟ್ಟ 20 ನಿಮಿಷದಲ್ಲಿ ನಾಡಿ ಬಡಿತ, ರಕ್ತದೊತ್ತಡ ಇಳಿಯತೊಡಗುತ್ತವೆ. ಅರ್ಧ ದಿನದಲ್ಲಿ ರಕ್ತದಲ್ಲಿನ ಮಾನಾಕ್ಸೈಡು ಸಹಜ ಮಟ್ಟಕ್ಕೆ ಬರುತ್ತದೆ. ಎರಡು ಮೂರು ತಿಂಗಳಲ್ಲಿ ಉಸಿರು ಸುಧಾರಿಸುತ್ತದೆ. ಒಂದು ವರ್ಷಕ್ಕೆ ಹೃದಯಾಘಾತದ ಭಯ ಸೇದುವವರ ಅರ್ಧದಷ್ಟಾಗುತ್ತದೆ. ನಾಲಿಗೆಗೆ ರುಚಿ, ಮೂಗಿಗೆ ವಾಸನೆ ಮರಳುತ್ತವೆ. ಹಡಗಲಿಯ ಒಬ್ಬ ಮೇಷ್ಟ್ರು ಬಿಟ್ಟ ಹದಿನೈದನೇ ದಿನಕ್ಕೆ, "ಮನೆಯವಳು ಮುಡಿದ ಮಲ್ಲಿಗೆ ಘಮ ಗೊತ್ತಾಯ್ತು ಡಾಕ್ಟ್ರೇ" ಎಂದರು. ಮಲ್ಲಿಗೆಯ ಊರಿನಲ್ಲೇ ಇದ್ದು ಎಷ್ಟು ವರ್ಷದ ನಷ್ಟ ನೋಡಿ!

ವ್ರತದಲ್ಲಿ ಏಕೆ ಸುಲಭ?

ಮಾಲೆ ಹಾಕಿದಾಗ ಬೀಡಿ ಬಿಡಲು ಹೇಗೆ ಸಾಧ್ಯವಾಯಿತು ಎಂದು ವಿಚಾರ ಮಾಡಿ. ಬಿಡುವ ದಿನ ಮೊದಲೇ ಗೊತ್ತಿತ್ತು. ಕೊರಳಲ್ಲಿ ಒಂದು ಗುರುತಿತ್ತು. ಊರಿನವರೆಲ್ಲ "ಸ್ವಾಮಿ" ಎನ್ನುತ್ತಿದ್ದರು, ಯಾರೂ ಬೀಡಿ ನೀಡುತ್ತಿರಲಿಲ್ಲ. ಜೊತೆಗಾರರೂ ಬಿಟ್ಟಿದ್ದರು. ಬೆಳಿಗ್ಗೆ ಎದ್ದು ತಣ್ಣೀರು ಸ್ನಾನ, ಹೊತ್ತಿಗೆ ಸರಿಯಾಗಿ ಊಟ, ಮದ್ಯ ಇಲ್ಲ. "ಸೇದಲೋ ಬೇಡವೋ" ಎಂದು ದಿನಕ್ಕೆ ಹತ್ತು ಸಲ ಯೋಚಿಸುವ ಪ್ರಸಂಗವೇ ಇರಲಿಲ್ಲ.

ಮಾಲೆ ತೆಗೆದ ದಿನ ಈ ಆಸರೆಗಳೆಲ್ಲ ಒಮ್ಮೆಗೇ ಕಳಚುತ್ತವೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ಮಾಲೆ ತೆಗೆಯಿರಿ, ಕಟ್ಟುಪಾಡು ಉಳಿಸಿಕೊಳ್ಳಿ. ಬಿಟ್ಟಿದ್ದೇನೆಂದು ಮನೆಯವರಿಗೆ, ಗೆಳೆಯರಿಗೆ, ಚಹಾ ಅಂಗಡಿಯವರಿಗೂ ಬಾಯಿಬಿಟ್ಟು ಹೇಳಿ. ಜೊತೆಗೆ ಬಿಡುವ ಒಬ್ಬರನ್ನು ಹುಡುಕಿ. ಬಿಟ್ಟ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮನೆಯಲ್ಲಿ, ಅಂಗಿಯ ಜೇಬಿನಲ್ಲಿ ಬೀಡಿ, ಕಡ್ಡಿಪೆಟ್ಟಿಗೆ ಇರಕೂಡದು.

ಜಾರುವ ಜಾಗಗಳು

ಬಹುಪಾಲು ಜನ ಮರಳಿ ಸೇದುವುದು ಕೆಲವೇ ಗೊತ್ತಾದ ಜಾಗಗಳಲ್ಲಿ. ಮಿರ್ಚಿ ಮಂಡಕ್ಕಿ ತಿಂದು ಚಹಾ ಕುಡಿದಾಗ. ರಾತ್ರಿ ಕರೆಂಟು ಬಂತೆಂದು ಮೋಟರ್ ಹಾಕಲು ಹೊಲಕ್ಕೆ ಹೋದಾಗ. ಎಲೆ ಅಡಿಕೆಯ ತಟ್ಟೆಯಲ್ಲಿ ಬೀಡಿ ಕಟ್ಟನ್ನೂ ಇಟ್ಟಿರುವ ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ. ಕುಡಿತದ ಜೊತೆಯಲ್ಲಿ. ನಿಮ್ಮ ಜಾಗ ಯಾವುದೆಂದು ಗುರುತಿಸಿ, ಮೊದಲೇ ಉಪಾಯ ಹೂಡಿ. ಚಹಾವನ್ನು ಕೆಲವು ವಾರ ಮನೆಯಲ್ಲೇ ಕುಡಿಯಿರಿ. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಹುರಿದ ಶೇಂಗಾ, ಸೋಂಪು, ಲವಂಗ ಇರಲಿ. ಕುಡಿಯುವವರ ಸಂಗದಿಂದ ದೂರವಿರಿ.

ಹಂಬಲ ಬಂದಾಗ ಗಡಿಯಾರ ನೋಡಿ. ಅದು ಸಾಮಾನ್ಯವಾಗಿ ಐದು ಹತ್ತು ನಿಮಿಷಕ್ಕಿಂತ ನಿಲ್ಲುವುದಿಲ್ಲ. ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ, ಆಳವಾಗಿ ಉಸಿರಾಡಿ. ಅಷ್ಟರಲ್ಲಿ ಅದು ಹೋಗಿರುತ್ತದೆ.

ಬೀಡಿಯ ಬದಲು ಗುಟ್ಕಾ, ಹೊಗೆಸೊಪ್ಪು ಹಿಡಿಯಬೇಡಿ. ಅದೂ ಅದೇ ನಿಕೋಟಿನ್, ಜೊತೆಗೆ ಬಾಯಿ ಕ್ಯಾನ್ಸರ್. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ.

ಮೊದಲ ತಿಂಗಳ ತೊಂದರೆಗಳು

"ಬೀಡಿ ಇಲ್ದಿದ್ರ ಬೆಳಿಗ್ಗೆ ಹೊರಕಡಿಗೇ ಆಗಲ್ರಿ" ಎನ್ನುವ ಹಿರಿಯರು ಬಹಳ. ಇದು ನೆಪವಲ್ಲ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟಾಗ ಕೆಲವು ವಾರ ಮಲಬದ್ಧತೆ ಆಗಬಹುದು. ಎದ್ದೊಡನೆ ಎರಡು ಲೋಟ ಬಿಸಿನೀರು, ಊಟದಲ್ಲಿ ಜೋಳ ಸಜ್ಜೆಯ ರೊಟ್ಟಿ, ಸೊಪ್ಪು, ಕಾಳು, ಬಾಳೆಹಣ್ಣು ಹೆಚ್ಚಿಸಿ. ಸರಿಹೋಗುತ್ತದೆ.

ಕೆಲವರಿಗೆ ಬಿಟ್ಟ ಹೊಸತರಲ್ಲಿ ಕೆಮ್ಮು, ಕಫ ಹೆಚ್ಚಾಗಬಹುದು. ಶ್ವಾಸನಾಳ ತನ್ನ ಕಸವನ್ನು ತಾನೇ ಗುಡಿಸಿಕೊಳ್ಳುತ್ತಿದೆ ಎಂದು ತಿಳಿಯಿರಿ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ನಾಲ್ಕೈದು ಕಿಲೋ ತೂಕ ಏರುವುದೂ ಉಂಟು. ನಡಿಗೆಯೇ ಅದಕ್ಕೆ ಮದ್ದು.

ದಿನಕ್ಕೆ ಎರಡು ಕಟ್ಟು ಸೇದುವವರಿಗೆ, ಎದ್ದೊಡನೆ ಬೀಡಿ ಬೇಕೆನ್ನುವವರಿಗೆ ಔಷಧದ ನೆರವೂ ಇದೆ. ನಿಕೋಟಿನ್ ಗಮ್ಮನ್ನು ಚ್ಯೂಯಿಂಗ್ ಗಮ್ಮಿನಂತೆ ಒಂದೇ ಸಮ ಅಗಿಯಬಾರದು. ಕಾರವೆನಿಸುವಷ್ಟು ನಿಧಾನ ಅಗಿದು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಬುಪ್ರೋಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಮೂರ್ಛೆರೋಗ ಇರುವವರಿಗೆ ಬುಪ್ರೋಪಿಯಾನ್ ಸಲ್ಲದು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಗಮ್ಮನ್ನೂ ಬಳಸಬಾರದು.

ಕೇಂದ್ರ ಸರ್ಕಾರದ ಉಚಿತ ದೂರವಾಣಿ 1800-11-2356 ಕೂಡ ಇದೆ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇರುವುದರಿಂದ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೆ ಎರಡು ಮಾತು

ತಾಯಂದಿರೇ, ಅಕ್ಕಂದಿರೇ, ಮೊದಲ ವಾರ ಅವರು ಸಿಡುಕಿದರೆ ಸ್ವಲ್ಪ ತಾಳಿಕೊಳ್ಳಿ. ಹಂಗಿಸಬೇಡಿ. "ನೀವೆಲ್ಲಿ ಬಿಡ್ತೀರಿ" ಎಂಬ ಒಂದು ಮಾತು ಬೀಡಿ ಅಂಗಡಿಯ ದಾರಿ ತೋರಿಸಬಲ್ಲದು. ಮಕ್ಕಳನ್ನು ಎಂದೂ ಬೀಡಿ ತರಲು ಕಳಿಸಬೇಡಿ. ಮಕ್ಕಳಿಗೆ ಅದನ್ನು ಮಾರುವುದು 2003ರ ಕಾನೂನಿನ ಪ್ರಕಾರ ಅಪರಾಧ. ಮನೆಯೊಳಗಿನ ಹೊಗೆ ಮಕ್ಕಳ ಎದೆಗೂ ಇಳಿಯುತ್ತದೆ, ಉಬ್ಬಸ ಹೆಚ್ಚಿಸುತ್ತದೆ. ದಿನಕ್ಕೆ 30 ರೂಪಾಯಿ ಉಳಿಯಿತೆಂದರೂ ವರ್ಷಕ್ಕೆ 10,950 ರೂಪಾಯಿ. ಒಂದು ಡಬ್ಬಿಯಲ್ಲಿ ಹಾಕುತ್ತ ಹೋಗಿ, ಮಗಳ ಶಾಲೆಯ ಖರ್ಚಿಗಾದೀತು.

ಜಾರಿದರೆ?

ಇಲ್ಲಿ ನನ್ನ ವಿಷಯವನ್ನೂ ಮುಚ್ಚಿಡುವುದಿಲ್ಲ. ಓದುವಾಗ ರಾತ್ರಿ ಡ್ಯೂಟಿಗಳಲ್ಲಿ ಅಂಟಿದ ಸಿಗರೇಟು ನನ್ನನ್ನು ಹತ್ತು ವರ್ಷ ಬಿಡಲಿಲ್ಲ. ಒಂದು ಸಲ ಎಂಟು ತಿಂಗಳು ಬಿಟ್ಟೆ. ಗೆಳೆಯನ ಮದುವೆಯಲ್ಲಿ "ಒಂದೇ ಒಂದು" ಎಂದು ಹಚ್ಚಿದೆ, ತಿಂಗಳೊಳಗೆ ಮೊದಲಿನಂತಾದೆ. ರೋಗಿಗಳಿಗೆ ಬಿಡಿ ಎನ್ನುವಾಗ ನನ್ನ ಅಂಗಿಯ ವಾಸನೆ ಅವರಿಗೆ ತಿಳಿಯದಿರಲಿ ಎಂದುಕೊಳ್ಳುತ್ತಿದ್ದೆ. ಮೂರನೇ ಪ್ರಯತ್ನದಲ್ಲಿ ಬಿಟ್ಟದ್ದು ಉಳಿದಿದೆ. ಈಗಲೂ ಮದುವೆ ಮನೆಯಲ್ಲಿ ಆ ತಟ್ಟೆ ಎದುರಿಗೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ.

ಬಹುತೇಕರಿಗೆ ಮೊದಲ ಯತ್ನದಲ್ಲೇ ಸಾಧ್ಯವಾಗುವುದಿಲ್ಲ. ಒಂದು ಬೀಡಿ ಸೇದಿಬಿಟ್ಟರೆ "ಕೆಟ್ಟೇ ಹೋಯ್ತು" ಎಂದು ಕಟ್ಟು ಕೊಳ್ಳಬೇಡಿ. ಎಲ್ಲಿ, ಯಾರ ಜೊತೆ, ಏಕೆ ಜಾರಿದೆ ಎಂದು ನೋಡಿಕೊಳ್ಳಿ. ಉಳಿದದ್ದನ್ನು ಎಸೆಯಿರಿ. ಆ ಕ್ಷಣದಿಂದಲೇ ಮತ್ತೆ ಬಿಡಿ. ನಾಳೆಯಿಂದ, ಅಮಾವಾಸ್ಯೆಯಿಂದ, ಮುಂದಿನ ಮಾಲೆಯಿಂದ ಎಂದು ಮುಂದೂಡಬೇಡಿ.

ಮೊದಲು ಹೇಳಿದ ಲಾರಿ ಚಾಲಕರಿಗೂ ಇದನ್ನೇ ಹೇಳಿದೆ. ಏಳುವಾಗ ಅವರು ಜೇಬಿನಿಂದ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಮುಂದಿನ ತಿಂಗಳು ಕೊಟ್ಟೂರೇಶನ ತೇರಿಗೆ ನಡಕೊಂಡು ಬರ್ತೀನಿ ಸಾರ್. ದಮ್ಮು ಹತ್ತದಂಗ ಬರಬೇಕು" ಎಂದರು. ಬರಲಿ. ಈ ಪುಟ ಓದುತ್ತಿರುವ ನಿಮ್ಮ ಜೇಬಿನಲ್ಲೂ ಒಂದು ಕಟ್ಟು ಇದ್ದರೆ, ಓದಿ ಮುಗಿಸಿದ ಕೂಡಲೇ ಅದನ್ನು ಹೊರಗೆ ತೆಗೆಯಿರಿ.