ಶರೀರದ ಜಲ-ಲವಣ ಸಮತೋಲನ ಮತ್ತು ಶುಶ್ರೂಷೆ

ವಯಸ್ಕ ಪುರುಷನ ದೇಹತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರೇ ಆಗಿದೆ. ಸ್ತ್ರೀಯರಲ್ಲಿಯೂ ವೃದ್ಧರಲ್ಲಿಯೂ ಈ ಪ್ರಮಾಣ ತುಸು ಕಡಿಮೆ. ಇದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೂ, ಉಳಿದ ಪಾಲು ಹೊರಗೂ ನೆಲೆಸಿರುತ್ತದೆ. ಹೊರಗಿನ ದ್ರವದಲ್ಲಿ ಸೋಡಿಯಂ ಪ್ರಧಾನ. ಒಳಗಿನದರಲ್ಲಿ ಪೊಟ್ಯಾಸಿಯಂ ಪ್ರಧಾನ. ನೀರು ಲವಣವನ್ನು ಅನುಸರಿಸಿ ಚಲಿಸುವುದರಿಂದ ಒಂದರ ಸ್ಥಿತಿ ಕೆಟ್ಟರೆ ಮತ್ತೊಂದರದೂ ಕೆಡುವುದು.

ಆದುದರಿಂದ ತೀವ್ರ ವಾಂತಿಭೇದಿಯಿಂದ ಬಳಲಿದವರಿಗೆ ಬರಿಯ ನೀರು ಸಾಲದು. ಕಳೆದ ಲವಣ ಮರಳದಿದ್ದರೆ ರಕ್ತದ ಸೋಡಿಯಂ ಸಾಂದ್ರತೆ ಕುಗ್ಗಿ ಜೀವಕೋಶಗಳು ಉಬ್ಬುತ್ತವೆ. ಮಿದುಳು ಉಬ್ಬಿದರೆ ಮಂಕು, ಸೆಳವು ತಲೆದೋರಬಹುದು. ಪೊಟ್ಯಾಸಿಯಂ ತೀರ ಕುಗ್ಗಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಲಯ ತಪ್ಪುತ್ತದೆ.

ಗ್ಲೂಕೋಸ್ ಜೊತೆಗೂಡಿದಾಗ ಸಣ್ಣ ಕರುಳು ಸೋಡಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ; ನೀರು ಅದನ್ನು ಹಿಂಬಾಲಿಸುತ್ತದೆ. ಕಾಲರಾದಲ್ಲಿಯೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬೀಸರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳ ದ್ರಾವಣವನ್ನು ಸಿದ್ಧಪಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸುವ ವ್ಯವಸ್ಥೆ ಮಾಡಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಮರಣಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಸೇರಬೇಕು.

ಆಸ್ಪತ್ರೆಯಲ್ಲಿ ಈ ಸಮತೋಲನದ ಕಾವಲು ಬಹುಮಟ್ಟಿಗೆ ದಾದಿಯದು. ರೋಗಿಯ ಒಳಗೆ ಹೋದ ದ್ರವವನ್ನೂ, ಮೂತ್ರ, ವಾಂತಿ, ಭೇದಿಗಳಾಗಿ ಹೊರಬಂದುದನ್ನೂ ಆಕೆ ಅಳೆದು ಬರೆದಿಡುತ್ತಾಳೆ. ನಿತ್ಯವೂ ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ ತೂಗುವುದು ಇನ್ನೂ ವಿಶ್ವಸನೀಯ: ಒಂದೇ ದಿನದಲ್ಲಿ ಒಂದು ಕಿಲೋ ಏರಿತೆಂದರೆ ಸುಮಾರು ಒಂದು ಲೀಟರ್ ನೀರು ನಿಂತಿದೆಯೆಂದೇ ತಿಳಿಯಬೇಕು. 60 ಕಿಲೋ ತೂಕದವರ ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಇಳಿದರೆ ಅದು ಎಚ್ಚರಿಕೆಯ ಗಂಟೆ. ವೃದ್ಧರಲ್ಲಿ ದಾಹದ ಅರಿವು ಮಂದವಾಗಿರುವುದರಿಂದ, ಅವರು ಕೇಳಲಿಲ್ಲವೆಂದು ಸುಮ್ಮನಿರಲಾಗದು.

ಕೊರತೆಯಂತೆ ಅತಿಯೂ ಅಪಾಯಕರವೇ. ಹೃದಯ ಅಥವಾ ಮೂತ್ರಪಿಂಡ ಸೋತವರಲ್ಲಿ ಹೆಚ್ಚಿದ ದ್ರವ ಶ್ವಾಸಕೋಶದಲ್ಲಿ ನಿಲ್ಲಬಹುದು. ಪೊಟ್ಯಾಸಿಯಂ ದ್ರಾವಣವನ್ನು ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲಬಹುದು. ಆದುದರಿಂದ ಇಲ್ಲಿ ಕರುಣೆಯೊಂದೇ ಸಾಲದು, ಅಳತೆಯೂ ಬೇಕು. ರೋಗಿಯ ಹಾಸಿಗೆಯ ಬಳಿ ತೂಗುವ ಆ ಲೆಕ್ಕದ ಹಾಳೆಯನ್ನು ಪ್ರಾಮಾಣಿಕವಾಗಿ ತುಂಬುವುದು ಜೀವರಕ್ಷಣೆಯ ಕಾರ್ಯವೇ ಆಗಿದೆ.