ದೋಟಿಯನ್ನು ಕಾರಿನಲ್ಲಿ ಒಯ್ಯುವ ಮುನ್ನ

ಅಡಿಕೆ ಕೊಯ್ಲಿನ ದಿನಗಳಲ್ಲಿ ಬದಿಯಡ್ಕ, ಪೆರ್ಲ, ಅಡ್ಕಸ್ಥಳ, ವಿಟ್ಲದ ದಾರಿಯಲ್ಲಿ ಓಡಾಡುವವರಿಗೆ ಈ ನೋಟ ಹೊಸತೇನಲ್ಲ. ಕಾರಿನ ಕಿಟಕಿಯಿಂದ ಕಪ್ಪು ಕೋಲೊಂದು ಹೊರಗೆ ಇಣುಕುತ್ತಿರುತ್ತದೆ. ತುದಿಯಲ್ಲಿ ಕತ್ತಿ, ಕತ್ತಿಗೊಂದು ಹಳೆ ಬಟ್ಟೆ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿ ಗಡಿಯ ಎರಡೂ ಬದಿಯ ತೋಟಗಳಿಗೆ ಬಂದಿದೆ. ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು, ಮದ್ದು ಬಿಡಬಹುದು. ಬಳಸುವ ವಿಧಾನವನ್ನು ಎಲ್ಲರೂ ಮುತುವರ್ಜಿಯಿಂದ ಕಲಿಯುತ್ತಾರೆ. ಆದರೆ ಒಂದು ತೋಟದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದು ಹೇಗೆ ಎಂದು ಯೋಚಿಸುವವರು ಕಡಿಮೆ.

ಹಗುರ ಕೋಲು, ಭಾರೀ ಹೊಡೆತ

ದೋಟಿ ಹಗುರವಲ್ಲವೇ, ಏನಾದೀತು ಎನ್ನಬೇಡಿ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಒಳಗಿನ ಸಾಮಾನಿಗೂ ಅದೇ ವೇಗ. ಕಾರು ಯಾವುದಕ್ಕೋ ಗುದ್ದಿ ನಿಂತರೂ ಕಟ್ಟದ ಸಾಮಾನು ನಿಲ್ಲುವುದಿಲ್ಲ, ಮುಂದಕ್ಕೆ ನುಗ್ಗುತ್ತದೆ. ಆಗಿನ ಹೊಡೆತ ಸುಮಾರು 10 ಮೀಟರ್, ಅಂದರೆ 33 ಅಡಿ ಎತ್ತರದಿಂದ ಬಿದ್ದ ವಸ್ತುವಿನ ಹೊಡೆತಕ್ಕೆ ಸಮ. ಅಷ್ಟು ಎತ್ತರದ ಅಡಿಕೆ ಮರದ ತುದಿಯಿಂದ ಕತ್ತಿ ಸಮೇತ ದೋಟಿ ತಲೆ ಮೇಲೆ ಬಿದ್ದರೆ ಹೇಗಿದ್ದೀತು, ನೀವೇ ಊಹಿಸಿ.

ಆದ್ದರಿಂದ ಮೊದಲ ಕೆಲಸ ಕತ್ತಿಯನ್ನು ಕಳಚುವುದು. ಬಟ್ಟೆ ಸುತ್ತಿದರೆ ಸಾಲದು, ಹರಿತವಾದ ಕತ್ತಿ ಬಟ್ಟೆಯನ್ನೂ ಕೊಯ್ಯುತ್ತದೆ. ಒಣಗಿದ ಅಡಿಕೆ ಹಾಳೆಯನ್ನು ಎರಡಾಗಿ ಮಡಚಿ ಕತ್ತಿಯನ್ನು ಒಳಗಿಟ್ಟು ಬಿಗಿಯಾಗಿ ಕಟ್ಟಿ. ನಂತರ ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ ಡಿಕ್ಕಿಯ ತಳದಲ್ಲಿಡಿ.

ಬುಡ ಮುಂದಕ್ಕೆ, ಬಾಯಿ ಹಿಂದಕ್ಕೆ

ದೋಟಿ ಎಂದರೆ ಒಂದರೊಳಗೊಂದು ಸೇರುವ ಕೊಳವೆಗಳು. ಬ್ರೇಕ್ ಹಾಕಿದಾಗ ಒಳಗಿನ ಕೊಳವೆಗಳು ಮುಂದಕ್ಕೆ ಜಾರಲು ನೋಡುತ್ತವೆ. ಕೊಳವೆಗಳು ಹೊರಬರುವ ಬಾಯಿ ಮುಂದಕ್ಕಿದ್ದರೆ ಅವು ನೇರ ಗಾಜಿಗೋ ಚಾಲಕನ ಕಡೆಗೋ ಚಿಮ್ಮಬಹುದು. ದಪ್ಪನೆಯ ಬುಡವನ್ನು ಮುಂದಕ್ಕಿಟ್ಟರೆ ಒಳಕೊಳವೆಗಳು ಬುಡದ ಮುಚ್ಚಳಕ್ಕೆ ಒತ್ತಿ ನಿಲ್ಲುತ್ತವೆ. ಹಿಮದ ನಾಡುಗಳಲ್ಲಿ ಸ್ಕೀ ಹಲಗೆಗಳನ್ನು ಕಾರಿನ ಮೇಲೆ ಕಟ್ಟುವಾಗಲೂ ಬಾಗಿದ ತುದಿ ಹಿಂದಕ್ಕಿರಬೇಕು ಎನ್ನುತ್ತಾರೆ. ನಮ್ಮ ದೋಟಿಗೂ ಹಾಗೊಂದು ನಿಯಮ ಬೇಕು. ಎಲ್ಲ ಕ್ಲಾಂಪುಗಳನ್ನು ಬಿಗಿ ಮಾಡಿ, ಏರುದಾರಿಯಲ್ಲಿ ಹಿಂದಕ್ಕೂ ಜಾರದಂತೆ ಬಾಯಿಗೆ ಬಟ್ಟೆ ಸುತ್ತಿ ಕಟ್ಟಿ.

ಕಾರಿನೊಳಗೆ ಒಯ್ಯುವುದಾದರೆ ಹಿಂದಿನ ಸೀಟಿನ ಎಡಭಾಗ ಮಡಚಿ, ಡಿಕ್ಕಿಯಿಂದ ಮುಂದಕ್ಕೆ ಉದ್ದಕ್ಕೆ ಮಲಗಿಸಿ. ಎರಡು ಕಡೆ ಕಟ್ಟಿ: ಒಂದು ಮುಂದಿನ ಸೀಟಿನ ಕಬ್ಬಿಣದ ಕಾಲಿಗೆ, ಇನ್ನೊಂದು ಡಿಕ್ಕಿಯ ಕೊಂಡಿಗೆ. ಗೇರ್, ಹ್ಯಾಂಡ್‌ಬ್ರೇಕ್, ಕನ್ನಡಿ, ಏರ್‌ಬ್ಯಾಗ್ ಇರುವ ಜಾಗಕ್ಕೆ ಅಡ್ಡ ಬರಬಾರದು. ಅದರ ಪಕ್ಕ ಮಕ್ಕಳನ್ನು ಕೂರಿಸಬೇಡಿ. ಉದ್ದ ಸಾಲದೆಂದು ಡಿಕ್ಕಿಯ ಬಾಗಿಲು ಅರ್ಧ ತೆರೆದು ಹೋಗುವುದೂ ಬೇಡ. ಹೊಗೆ ಕೊಳವೆಯ ವಿಷಾನಿಲ ಒಳಗೆ ಸೇರಿಕೊಳ್ಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಒಳಗೆ ಹಿಡಿಸದಿದ್ದರೆ ಮೇಲೆ ಕಟ್ಟಬೇಕು. ಅದಕ್ಕೆ ಎರಡು ಅಡ್ಡಪಟ್ಟಿಗಳ ಕ್ಯಾರಿಯರ್ ಬೇಕು. ಕಿಟಕಿಗಳ ಮೂಲಕ ಹಗ್ಗ ಸುತ್ತುವುದು ಭದ್ರವಲ್ಲ. ಪ್ಲಾಸ್ಟಿಕ್ ಹಗ್ಗ ಜಾರುತ್ತದೆ, ಸೈಕಲ್ ಟ್ಯೂಬ್ ಹಿಗ್ಗುತ್ತದೆ. ಅಗಲದ ಪಟ್ಟಿಯೇ ಒಳ್ಳೆಯದು. ಆದರೆ ಅತಿಯಾಗಿ ಬಿಗಿದರೆ ತೆಳು ಕೊಳವೆ ಸೀಳು ಬಿಡುತ್ತದೆ. ಸೀಳಿದ ಕಾರ್ಬನ್ ಫೈಬರಿನ ಸಿಬಿರು ಕೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಆದ್ದರಿಂದ ಅಡಿಯಲ್ಲಿ ಮೆತ್ತನೆಯ ಬಟ್ಟೆ ಕೊಟ್ಟು ಬಿಗಿಯಿರಿ. ಹೊರಟು ನಾಲ್ಕೈದು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಕಟ್ಟು ಸಡಿಲವಾಗಿದೆಯೇ ನೋಡಿ.

ಕಿಟಕಿಯಿಂದ ಹೊರಚಾಚಿದ ಕೋಲು ಬೈಕಿನವನ ಎದೆಯ ಎತ್ತರದಲ್ಲೇ ಇರುತ್ತದೆ, ಮರೆಯಬೇಡಿ. ಕಾನೂನೂ ಇದನ್ನು ಬಿಡುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ನೇ ಸೆಕ್ಷನ್ ಪ್ರಕಾರ, ಮಿತಿ ಮೀರಿ ಹೊರಚಾಚಿದ ಸಾಮಾನಿಗೆ 20,000 ರೂಪಾಯಿ ದಂಡ, ಜತೆಗೆ ಅದನ್ನು ಇಳಿಸುವ ಖರ್ಚು. ಕೇಂದ್ರದ ಕಾಯಿದೆಯಾದ್ದರಿಂದ ಗಡಿ ದಾಟಿದರೂ ಅದೇ ಅನ್ವಯ.

ಮದ್ದಿನ ಕಲೆ

ಮಳೆಗಾಲದಲ್ಲಿ ಇದೇ ದೋಟಿಯಿಂದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಕಬ್ಬಿಣದ ಕತ್ತಿ ಅದ್ದುವುದು ನಿಮಗೆ ಗೊತ್ತೇ ಇದೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಕಡಿಮೆ ಎಂದರ್ಥ. ಮೈಲುತುತ್ತಿನ ನೀರು ಕಾರಿನ ತಗಡಿಗೆ ಸೋರಿದರೂ ಆಗುವುದು ಅದೇ. ತಾಮ್ರ ಅಂಟಿಕೊಂಡು ಕಬ್ಬಿಣ ಕರಗುತ್ತದೆ, ಆಮೇಲೆ ತುಕ್ಕು.

ಅದಕ್ಕೆ ಕೆಲಸ ಮುಗಿದ ಮೇಲೆ ತೋಟದಲ್ಲೇ ಪೈಪಿನೊಳಗಿನ ಮದ್ದನ್ನು ಪೂರ್ತಿ ಖಾಲಿ ಮಾಡಿ. ದೋಟಿಯ ಒಂದೊಂದೇ ಕೊಳವೆಯನ್ನು ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ಒಳಕ್ಕೆ ಸರಿಸಿ. ಮರಳು ಸೇರಿದರೆ ಕೊಳವೆಗಳು ಉಜ್ಜಿ ಗೀರು ಬೀಳುತ್ತವೆ, ಕೊನೆಗೆ ಸಿಕ್ಕಿಬೀಳುತ್ತವೆ. ಅಂಟಿದ ಮಣ್ಣು, ಕೊಳೆತ ಕಾಯಿಯ ಚೂರು ತೆಗೆಯಿರಿ. ಕೊಳೆರೋಗದ ಶಿಲೀಂಧ್ರ ಅವುಗಳಲ್ಲಿ ಉಳಿಯುತ್ತದೆ. ನೆರೆಯವರ ತೋಟಕ್ಕೆ ಅದನ್ನು ನಾವೇ ಹೊತ್ತು ಹೋದಂತಾಗಬಾರದು. ತೊಳೆದ ನೀರು ಬಾವಿ, ತೋಡು ಸೇರಬಾರದು, ತಾಮ್ರ ಮೀನಿಗೆ ವಿಷ.

ಕಾರಿನ ತಳಕ್ಕೆ ಹಳೆಯ ಫ್ಲೆಕ್ಸ್ ಹಾಸಿ. ದೋಟಿಗೊಂದು ಉದ್ದ ಚೀಲ ಹೊಲಿಸಿಕೊಳ್ಳಿ. ಮನೆ ತಲುಪಿದ ಮೇಲೆ ಚೀಲದಿಂದ ತೆಗೆದು ನೆರಳಿನಲ್ಲಿ ಒಣಗಿಸಿ. ಮೈಲುತುತ್ತಿನ ಜತೆ ಅಕ್ಕಿ, ತರಕಾರಿ ಒಯ್ಯಬೇಡಿ. ಸ್ಟೇರಿಂಗ್ ಹಿಡಿಯುವ ಮುನ್ನ ಕೈ ತೊಳೆಯಿರಿ.

ಇಳಿಸುವಾಗ ಮೇಲೆ ನೋಡಿ

ಇದು ಕೊನೆಯ ಮಾತು, ಆದರೆ ಎಲ್ಲಕ್ಕಿಂತ ದೊಡ್ಡದು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅದು ಬಿದಿರಲ್ಲ, ಪ್ಲಾಸ್ಟಿಕ್ಕೂ ಅಲ್ಲ. 11 ಕೆ.ವಿ. ತಂತಿ ರಸ್ತೆ ದಾಟುವಲ್ಲಿ ನೆಲದಿಂದ ಕನಿಷ್ಠ 6.1 ಮೀಟರ್, ಅಂದರೆ 20 ಅಡಿ ಎತ್ತರದಲ್ಲಿರಬೇಕೆಂಬುದು ನಿಯಮ. 60 ಅಡಿಯ ದೋಟಿಗೆ ಅದು ಯಾವ ಲೆಕ್ಕ? ತಂತಿಗೆ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಕಿಡಿ ಹಾರಿ ಪ್ರಾಣ ಹೋಗಬಹುದು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಅಲ್ಲೇ ದೋಟಿ ಬಿಡಿಸಿ ನೋಡುವ ಅಭ್ಯಾಸ ಬಿಡಿ. ಮುಚ್ಚಿದ ದೋಟಿಯನ್ನು ಅಡ್ಡ ಹಿಡಿದೇ ತೋಟದೊಳಗೆ ಒಯ್ಯಿರಿ. ತಲೆಯೆತ್ತಿ ಸುತ್ತ ನೋಡಿ, ಹತ್ತಿರ ತಂತಿ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಎತ್ತಿ. ಮರಳಿ ಹೊರಡುವಾಗಲೂ ತೋಟದೊಳಗೇ ಮುಚ್ಚಿ ತನ್ನಿ.

ಕತ್ತಿ ಕಳಚಿ, ಒರೆಸಿ, ಮುಚ್ಚಿ, ಚೀಲಕ್ಕೆ ಹಾಕಿ, ಎರಡು ಕಡೆ ಕಟ್ಟಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಸಂಜೆ ಎಷ್ಟೇ ಸುಸ್ತಾಗಿದ್ದರೂ ಆ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡಿ.