ರಂಗದಿಂದ ತೆರೆಗೆ ಬಂದ ‘ಲೆ ಮಿಸೆರಾಬ್ಲ್’

ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಎಂಬ ಮಹಾಕಾದಂಬರಿಯನ್ನು ಆಶ್ರಯಿಸಿ ಸಂಗೀತಕಾರ ಶೋನ್‌ಬರ್ಗ್ ಮತ್ತು ಕವಿ ಬುಬ್ಲಿಲರು ರಚಿಸಿದ ಗೀತನಾಟಕವು, 1980ರಲ್ಲಿ ಪ್ಯಾರಿಸಿನಲ್ಲಿ ಮೊದಲ ಬಾರಿಗೆ ರಂಗವನ್ನೇರಿ, 1985ರ ಅಕ್ಟೋಬರಿನಲ್ಲಿ ಇಂಗ್ಲಿಷ್ ರೂಪವನ್ನು ತಾಳಿ ಲಂಡನ್ನಿನ ಬಾರ್ಬಿಕನ್ ರಂಗಮಂದಿರಕ್ಕೆ ಬಂದಾಗ, ವಿಮರ್ಶಕರಲ್ಲಿ ಅನೇಕರು ಅದನ್ನು ಹೀಗಳೆದರೂ ಜನಸಾಮಾನ್ಯರು ಎದೆಗಪ್ಪಿಕೊಂಡರು. ರೊಟ್ಟಿ ಕದ್ದ ಅಪರಾಧದಿಂದ ಮೊದಲಾಗಿ ಹತ್ತೊಂಬತ್ತು ವರ್ಷ ಸೆರೆಯಲ್ಲಿ ಬೆಂದ ಜಾನ್ ವಾಲ್ಜಾನ್, ಒಬ್ಬ ಬಿಷಪ್ಪನ ಕ್ಷಮೆಯಿಂದ ಹೊಸ ಮನುಷ್ಯನಾಗಿ, ನಿಷ್ಠುರ ಪೊಲೀಸ್ ಅಧಿಕಾರಿ ಜಾವೇರನ ಬೆನ್ನಟ್ಟುವಿಕೆಯನ್ನು ಸಹಿಸುತ್ತ ಪರರಿಗಾಗಿ ಬದುಕುವ ಈ ಕಥೆಯು, ಆದಿಯಿಂದ ಅಂತ್ಯದವರೆಗೆ ಬಹುಮಟ್ಟಿಗೆ ಹಾಡಿನಲ್ಲಿಯೇ ಸಾಗುತ್ತದೆ. ಆ ನಾಟಕದ ಚಿರಾನುರಾಗಿಯಾದ ನನಗೆ, ಟಾಮ್ ಹೂಪರ್ ನಿರ್ದೇಶಿಸಿ 2012ರಲ್ಲಿ ಬಿಡುಗಡೆಯಾದ ಅದರ ಚಲನಚಿತ್ರವು ಹರ್ಷವನ್ನೂ ವಿಷಾದವನ್ನೂ ಒಟ್ಟಿಗೆ ತಂದಿತು.

ಹರ್ಷದ ಮಾತನ್ನು ಮೊದಲು ಹೇಳುವೆನು. ಸಂಗೀತಪ್ರಧಾನ ಚಿತ್ರಗಳಲ್ಲಿ ಹಾಡುಗಳನ್ನು ಮುಂಚಿತವಾಗಿ ಧ್ವನಿಮುದ್ರಿಸಿ, ಚಿತ್ರೀಕರಣದ ವೇಳೆ ನಟರು ಅದಕ್ಕೆ ತುಟಿಯಾಡಿಸುವುದು ವಾಡಿಕೆ. ಹೂಪರ್ ಈ ವಾಡಿಕೆಯನ್ನು ಬಿಟ್ಟು, ಕಿವಿಯೊಳಗಿನ ಸಣ್ಣ ಸಾಧನದಲ್ಲಿ ಪಿಯಾನೋ ಕೇಳಿಸುತ್ತ ನಟರು ಕ್ಯಾಮೆರಾದ ಮುಂದೆಯೇ ಹಾಡುವಂತೆ ಮಾಡಿ, ವಾದ್ಯವೃಂದವನ್ನು ಅನಂತರ ಕೂಡಿಸಿದರು. ಇದರ ಫಲವನ್ನು ಫಾಂಟೀನಳ ಹಾಡಿನಲ್ಲಿ ಕಾಣಬೇಕು. ರಂಗದ ಮೇಲೆ ಆಕೆ ಕಾರ್ಖಾನೆಯ ಕೆಲಸ ಕಳೆದುಕೊಂಡ ಕೂಡಲೇ ತನ್ನ ಭಗ್ನಸ್ವಪ್ನವನ್ನು ಹಾಡುತ್ತಾಳೆ. ಚಿತ್ರದಲ್ಲಾದರೋ ಕೇಶವನ್ನೂ ಹಲ್ಲನ್ನೂ ಕೊನೆಗೆ ದೇಹವನ್ನೂ ಮಾರಿಕೊಂಡ ಬಳಿಕ ಆ ಹಾಡು ಬರುತ್ತದೆ. ಆನ್ ಹ್ಯಾಥವೇ, ಬಹುಪಾಲು ಅಖಂಡವಾದ ಒಂದೇ ದೃಶ್ಯದಲ್ಲಿ, ಬಿಕ್ಕುತ್ತ ತಡೆಯುತ್ತ ಮತ್ತೆ ಉಕ್ಕುತ್ತ ಹಾಡಿದ ಆ ಗೀತೆಯನ್ನು ನೋಡಿದ ಮೇಲೆ, ಮೂಲದ ಕ್ರಮಕ್ಕಿಂತ ಇದೇ ಉಚಿತವೆಂದು ನಾನು ಮನಸಾರೆ ಒಪ್ಪುತ್ತೇನೆ. ಆಕೆಗೆ ಆಸ್ಕರ್ ಸಂದದ್ದು ನ್ಯಾಯವೇ.

ಆದರೆ ಮುಖಕ್ಕೆ ಇಷ್ಟು ಸಮೀಪ ಬಂದ ಕ್ಯಾಮೆರಾ ಸಮೂಹವನ್ನು ಮರೆಯಿತು. ಮೊದಲ ಅಂಕದ ಕೊನೆಯಲ್ಲಿ ಪ್ರೇಮಿಗಳು, ಕ್ರಾಂತಿಕಾರಿ ವಿದ್ಯಾರ್ಥಿಗಳು, ಜಾವೇರ್, ದುರಾಶೆಯ ಹೋಟೆಲಿನ ದಂಪತಿಗಳು, ಎಲ್ಲರೂ ತಮ್ಮ ತಮ್ಮ ನಾಳೆಯನ್ನು ಒಂದೇ ರಂಗದ ಮೇಲೆ ಏಕಕಾಲಕ್ಕೆ ಹಾಡುವಾಗ, ಪರಸ್ಪರ ವಿರುದ್ಧವಾದ ಆ ಆಸೆಗಳೆಲ್ಲ ಕಣ್ಣೆದುರಿಗೇ ಒಂದರೊಡನೊಂದು ಹೆಣೆದುಕೊಳ್ಳುತ್ತವೆ. ಚಿತ್ರದಲ್ಲಿ ಕಿವಿಗೆ ಎಲ್ಲರೂ ಕೇಳಿಸಿದರೂ, ಕಣ್ಣಿಗೆ ಒಮ್ಮೆಗೆ ಒಂದೇ ಮುಖ. ಜಾನ್ ನೇಪಿಯರ್ ಮೂಲ ಪ್ರಯೋಗಕ್ಕೆ ರೂಪಿಸಿದ ತಿರುಗುವ ರಂಗವೂ ಹೀಗೆಯೇ ಇಲ್ಲವಾಯಿತು. 1832ರ ಪ್ಯಾರಿಸ್ ದಂಗೆಯ ಬ್ಯಾರಿಕೇಡು ಕಾಳಗ ಮುಗಿದೊಡನೆ ಮೆಲ್ಲನೆ ತಿರುಗಿ, ಮರೆಯಲ್ಲಿ ಕೆಂಪು ಬಾವುಟದ ಮೇಲೆ ತಲೆಕೆಳಗಾಗಿ ಬಿದ್ದಿರುವ ನಾಯಕ ಆಂಜೊಲ್ರಾಸನ ಶವವನ್ನು ತೋರಿಸುತ್ತಿದ್ದ ಆ ಮೌನಕ್ಷಣಕ್ಕೆ ಸಮಾನವಾದುದು ಚಿತ್ರದಲ್ಲಿಲ್ಲ. ಕಿಟಕಿಯಿಂದ ಬಾವುಟದೊಡನೆ ಜೋತುಬಿದ್ದ ಆತನನ್ನು ತೋರಿಸಿ ನಿರ್ದೇಶಕರು ಆ ದೃಶ್ಯಕ್ಕೆ ಸಲ್ಲಿಸಿದ ಗೌರವವನ್ನು ಮಾತ್ರ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ರಸೆಲ್ ಕ್ರೋ ಅವರ ಜಾವೇರನ ಕಂಠದಲ್ಲಿ, ನಕ್ಷತ್ರಗಳ ಸಾಕ್ಷಿಯಾಗಿ ಶಪಥ ಮಾಡುವವನಿಗೆ ಬೇಕಾದ ಉಕ್ಕು ಇಲ್ಲ. ಅದಕ್ಕಿಂತ ನೋವಿನದು ವಾಲ್ಜಾನನ ಪ್ರಾರ್ಥನೆ: ಬ್ಯಾರಿಕೇಡಿನ ಬಳಿ ನಿದ್ರಿಸುತ್ತಿರುವ ತರುಣನ ಪ್ರಾಣಕ್ಕಾಗಿ ದೇವರನ್ನು ಬೇಡುವ ಆ ಹಾಡು ರಂಗದ ಮೇಲೆ ಉಸಿರಿನಷ್ಟು ಮೃದುವಾಗಿ, ಎತ್ತರದ ಸ್ವರದಲ್ಲಿ ತೇಲುತ್ತಿತ್ತು, ನಟನೆಯಲ್ಲಿ ಅದ್ವಿತೀಯರಾದ ಹ್ಯೂ ಜಾಕ್‌ಮನ್ ಅದನ್ನು ತುಂಬುಗಂಠದಿಂದ ಹಾಡಿ, ಬೇಡಿಕೆಯನ್ನು ಆಗ್ರಹವಾಗಿಸಿದರು.

1985ರಲ್ಲಿ ವಾಲ್ಜಾನನಾಗಿದ್ದ ಕಾಲ್ಮ್ ವಿಲ್ಕಿನ್‌ಸನ್ ಈ ಚಿತ್ರದಲ್ಲಿ ಬಿಷಪ್ಪನಾಗಿ ಬಂದು, ಹೊಸ ವಾಲ್ಜಾನನನ್ನು ಮನ್ನಿಸಿ, ಕೊನೆಗೆ ಮರಣದ ಬಾಗಿಲಲ್ಲಿ ಎದುರುಗೊಳ್ಳುವುದನ್ನು ನೋಡುವಾಗ ಯಾವ ಅಭಿಮಾನಿಯ ಕಣ್ಣು ತಾನೇ ಒದ್ದೆಯಾಗದು! ಚಿತ್ರವನ್ನಷ್ಟೇ ನೋಡಿರುವ ವಾಚಕರಲ್ಲಿ ನನ್ನದೊಂದು ವಿನಂತಿ: ಫಾಂಟೀನಳ ಹಾಡಿಗಾಗಿ ಅದನ್ನು ಮತ್ತೊಮ್ಮೆ ನೋಡಿರಿ, ಆದರೆ ವಾಲ್ಜಾನನ ಪ್ರಾರ್ಥನೆಯನ್ನು ಮಾತ್ರ ಮೂಲ ಲಂಡನ್ ತಂಡದ ಧ್ವನಿಮುದ್ರಿಕೆಯಲ್ಲಿ, ವಿಲ್ಕಿನ್‌ಸನ್ನರ ಕಂಠದಲ್ಲಿಯೇ ಕೇಳಿರಿ.